ಹಟ ಹಿಡಿದ ಮೀನಿಗೆ ತಿರುಗಿಸಿಟ್ಟ ಕೂಳಿ

ಎಲ್ಲರಿಗೂ ನಮಸ್ಕಾರ.

ಇಂಥ ಮಳೆಯಲ್ಲಿ ಮಡಿಕೇರಿಯ ತನಕ ಬಂದಿದ್ದೀರಿ. ಗೋಣಿಕೊಪ್ಪ, ಸೋಮವಾರಪೇಟೆ ಕಡೆಯವರೂ ಇದ್ದೀರಿ. ತುಂಬಾ ಖುಷಿಯಾಯಿತು. ಈ ಮೇಜಿನ ಮೇಲೆ ಇಟ್ಟಿರುವುದನ್ನು ಒಮ್ಮೆ ನೋಡಿ. ಅರ್ಧ ಲೀಟರಿನ ಒಂದು ಪ್ಲಾಸ್ಟಿಕ್ ಬಾಟಲಿ, ಏರ್ ಪಂಪಿನ ಪೈಪು, ಒಂದು ಸಣ್ಣ ವಾಲ್ವು, ಮೊಸರಿನ ಖಾಲಿ ಡಬ್ಬಿ, ಥರ್ಮೋಕೋಲ್ ತುಂಡು, ಒಂದು ಸೂಜಿ. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ, ಊಟಕ್ಕೆ ಹಟ ಮಾಡುವ ಮೀನಿಗೆ ಜೀವಂತ ಊಟವನ್ನು ನಿಧಾನವಾಗಿ ಕೊಡುವುದು ಹೇಗೆ ಎಂದು ಇವತ್ತು ಹೇಳುತ್ತೇನೆ. ಎಲ್ಲ ಇಷ್ಟರಲ್ಲೇ ಆಗುವ ಕೆಲಸ.

ಮೊದಲು ಒಂದು ಮೀನಿನ ಕಥೆ ಹೇಳುತ್ತೇನೆ. ನಾಲ್ಕು ಪೀ ಪಫರ್ ಮೀನು ತಂದಿದ್ದೆ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದೆ. ಬಟಾಣಿಯ ಹಾಗೆ ದುಂಡಗಿನ ಮೀನು. ಪೂರ್ತಿ ಬೆಳೆದರೂ ಮೂರು ಸೆಂಟಿಮೀಟರ್ ಆಸುಪಾಸು. ಇದು ಹೊರದೇಶದ್ದಲ್ಲ, ನಮ್ಮ ಪಶ್ಚಿಮ ಘಟ್ಟದ್ದೇ. ತಿರುವಾಂಕೂರಿನ ಕಡೆ ಸಿಕ್ಕ ಈ ಮೀನಿಗೆ ಹೋರಾ ಮತ್ತು ನಾಯರ್ ಎಂಬ ವಿಜ್ಞಾನಿಗಳು 1941ರಲ್ಲಿ ಹೆಸರಿಟ್ಟರು. ಟ್ರಾವಂಕೋರಿಕಸ್ ಎಂಬ ಹೆಸರು ಬಂದದ್ದು ಹಾಗೆ. ಹೊಳೆಯಿಂದ ಹಿಡಿದು ಮಾರಿ ಮಾರಿ ಈಗ ಇದರ ಸಂಖ್ಯೆಗೇ ಕುತ್ತು ಬಂದಿದೆ. ಹಾಗಾಗಿ ತರುವುದಾದರೆ ತೊಟ್ಟಿಯಲ್ಲೇ ಮರಿ ಮಾಡಿಸಿದ್ದನ್ನು ಕೇಳಿ ತನ್ನಿ.

ನಾನು ತಂದ ನಾಲ್ಕರಲ್ಲಿ ಒಂದು ಏನೂ ತಿನ್ನಲಿಲ್ಲ. ಅಂಗಡಿಯ ಕಾಳು ಹಾಕಿದೆ, ಮುಖ ತಿರುಗಿಸಿತು. ಒಣಗಿಸಿದ ಹುಳ ಹಾಕಿದೆ, ಹತ್ತಿರ ಬಂದು ನೋಡಿತು, ಹಿಂದೆ ಸರಿಯಿತು. ಈ ಮೀನಿನ ಎರಡು ಕಣ್ಣೂ ಬೇರೆ ಬೇರೆಯಾಗಿ ತಿರುಗುತ್ತವೆ. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಹುಳದ ಮೇಲೆ. ಎಂಟು ದಿನಕ್ಕೆ ಹೊಟ್ಟೆ ಒಳಗೆ ಹೋಯಿತು. ಮನೆಯಲ್ಲಿ ಎಲ್ಲರೂ, ಅದಕ್ಕೆ ಹಟ ಜಾಸ್ತಿ, ಹಸಿವಾದರೆ ತಾನೇ ತಿನ್ನುತ್ತದೆ ಬಿಡು ಎಂದರು. ನಾನೂ ಹಾಗೇ ಅಂದುಕೊಂಡೆ. ಅದು ತಪ್ಪು. ಆ ಮೀನು ಉಳಿಯಲಿಲ್ಲ.

ಅದು ಹೋದ ಮೇಲೆ ಉಳಿದ ಮೂರನ್ನು ಕೂತು ನೋಡಲು ಶುರು ಮಾಡಿದೆ. ಸುಮ್ನೆ ನೋಡುವುದು, ದಿನಕ್ಕೆ ಅರ್ಧ ಗಂಟೆ. ಆಗ ಗೊತ್ತಾಯಿತು. ಇವು ಬೇಟೆಯ ಮೀನುಗಳು. ಅಲುಗಾಡದಿದ್ದರೆ ಅದು ಊಟ ಎಂದು ಅವಕ್ಕೆ ತೋಚುವುದೇ ಇಲ್ಲ. ಅಲುಗಾಡಿದರೂ ತಕ್ಷಣ ಬಾಯಿ ಹಾಕುವುದಿಲ್ಲ. ಹತ್ತಿರ ಬರುತ್ತವೆ, ಬಾಲ ಸ್ವಲ್ಪ ಬಾಗಿಸುತ್ತವೆ, ತಲೆ ಓರೆ ಮಾಡಿ ನೋಡುತ್ತವೆ, ಆಮೇಲೆ ಕಚ್ಚುತ್ತವೆ. ನೀವು ಜೀವಂತ ಹುಳವನ್ನೇ ಒಂದು ಚಮಚ ಸುರಿದರೂ ಇದು ನೋಡಿ ಮುಗಿಸುವ ಹೊತ್ತಿಗೆ ಚುರುಕಿನ ಮೀನು ಎಲ್ಲಾ ನುಂಗಿರುತ್ತದೆ. ಮಿಕ್ಕ ಹುಳ ಜಲ್ಲಿಯ ಸಂದಿಗೆ ಹೋಗಿ ಸಾಯುತ್ತದೆ, ಕೊಳೆಯುತ್ತದೆ, ಅಮೋನಿಯಾ ಏರುತ್ತದೆ. ಹೊಟ್ಟೆಯೂ ತುಂಬಲಿಲ್ಲ, ನೀರೂ ಕೆಟ್ಟಿತು.

ಅಂದರೆ ಇಂಥ ಮೀನಿಗೆ ಬೇಕಾದದ್ದು ಎರಡು. ಜೀವ ಇರುವ ಊಟ, ಮತ್ತು ಹೊತ್ತು. ಊಟ ನಾವು ಕೊಡುತ್ತೇವೆ. ಹೊತ್ತು ಕೊಡುವುದನ್ನು ಮರೆಯುತ್ತೇವೆ. ಈ ಮೇಜಿನ ಮೇಲಿರುವ ಸಾಮಾನು ಆ ಹೊತ್ತು ಕೊಡುವುದಕ್ಕೆ.

ನಮ್ಮ ಕಡೆ ಮೊದಲ ಮಳೆ ಬಿದ್ದಾಗ ಗದ್ದೆಯ ಕೊಲ್ಲಿಗೆ ಕೂಳಿ ಇಡುವುದನ್ನು ನೋಡಿದ್ದೀರಿ ಅಲ್ವಾ? ಬಿದಿರು ಸೀಳಿ ಹೆಣೆದ ಬುಟ್ಟಿ. ಮೀನು ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ಆಗದು. ನಮಗೆ ಬೇಕಾದದ್ದು ಅದರ ಉಲ್ಟಾ. ಒಳಗಿಟ್ಟ ಹುಳ ಹೊರಗೆ ಬರಬೇಕು. ಆದರೆ ಒಟ್ಟಿಗೆ ಅಲ್ಲ, ಒಂದೊಂದಾಗಿ.

ಮೊದಲನೆಯದು ಈ ಮೊಸರಿನ ಡಬ್ಬಿ. ಚೆನ್ನಾಗಿ ತೊಳೆಯಿರಿ, ಸೋಪು ಬೇಡ, ಬಿಸಿನೀರು ಮತ್ತು ಉಪ್ಪು ಸಾಕು. ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಡಬ್ಬಿಯ ತಳಕ್ಕೆ ಮತ್ತು ಬದಿಯ ಕೆಳಭಾಗಕ್ಕೆ ತೂತು ಮಾಡಿ. ಹದಿನೈದು ಇಪ್ಪತ್ತು ತೂತು ಸಾಕು, ಒಂದೂವರೆ ಮಿಲಿಮೀಟರ್ ಅಗಲ. ಥರ್ಮೋಕೋಲಿನಲ್ಲಿ ಬಳೆಯಂತೆ ಕತ್ತರಿಸಿ ಡಬ್ಬಿಯ ಕುತ್ತಿಗೆಗೆ ಹಾಕಿ. ತೊಟ್ಟಿಯ ಒಂದು ಮೂಲೆಯಲ್ಲಿ ತೇಲಲಿ, ಓಡಾಡದಂತೆ ದಾರ ಕಟ್ಟಿ. ಒಳಗೆ ಟ್ಯೂಬಿಫೆಕ್ಸ್ ಎಂಬ ದಾರದಂಥ ಕೆಂಪು ಹುಳ ಹಾಕಿದರೆ ತೂತಿನಿಂದ ತಲೆ ಹೊರಗೆ ಹಾಕಿ ನೇತಾಡುತ್ತವೆ, ತಿರುಚುತ್ತವೆ. ಮೀನಿಗೆ ಅದಕ್ಕಿಂತ ಒಳ್ಳೆಯ ಕರೆ ಬೇರೆ ಇಲ್ಲ. ಮೂರನೇ ದಿನಕ್ಕೆ ನನ್ನ ಮೀನುಗಳು ಡಬ್ಬಿ ಇಳಿಸುವ ಮೊದಲೇ ಆ ಮೂಲೆಗೆ ಬಂದು ಕಾಯುತ್ತಿದ್ದವು.

ಒಂದು ಮಾತು. ಟ್ಯೂಬಿಫೆಕ್ಸ್ ಬೆಳೆಯುವುದು ಚರಂಡಿಯ ಕೆಸರಿನಲ್ಲಿ. ತಂದ ದಿನವೇ ಹಾಕಬೇಡಿ. ಎರಡು ಮೂರು ದಿನ ತಣ್ಣನೆಯ ನೀರಲ್ಲಿಟ್ಟು, ದಿನಕ್ಕೆ ಮೂರ್ನಾಲ್ಕು ಸಲ ನೀರು ಬದಲಿಸಿ. ಹಾಗೆ ಮಾಡಿದರೂ ರೋಗದ ಭಯ ಪೂರ್ತಿ ಹೋಗುವುದಿಲ್ಲ. ನಾನಂತೂ ಈಗ ಬಿಟ್ಟಿದ್ದೇನೆ.

ಎರಡನೆಯದು ಹನಿ ಬಾಟಲಿ. ಇದು ತೀರಾ ಸಣ್ಣ ಜೀವಿಗಳಿಗೆ, ಅದರಲ್ಲೂ ಆರ್ಟೀಮಿಯಾ ಮರಿಗಳಿಗೆ. ಮೊದಲು ಮರಿ ಮಾಡಿಸುವುದನ್ನು ಹೇಳುತ್ತೇನೆ. ಕೊಡಗಿನಲ್ಲಿ ಜಾಸ್ತಿ ಜನ ಸೋಲುವುದು ಅಲ್ಲೇ.

ಆರ್ಟೀಮಿಯಾ ಉಪ್ಪು ನೀರಿನ ಸಣ್ಣ ಸಿಗಡಿ ಜಾತಿ. ಅಮೆರಿಕದ ಯೂಟಾದ ದೊಡ್ಡ ಉಪ್ಪು ಸರೋವರದಿಂದ ಅದರ ಮೊಟ್ಟೆ ಲೋಕಕ್ಕೆಲ್ಲ ಹೋಗುತ್ತದೆ. ನಮ್ಮ ತೂತ್ತುಕುಡಿಯ ಉಪ್ಪಿನ ಗದ್ದೆಗಳಲ್ಲೂ ಇದೆ. ಒಣಗಿದ ಮೊಟ್ಟೆ ಕಂದು ಪುಡಿಯಂತೆ ಕಾಣುತ್ತದೆ. ಲೀಟರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು, 28 ಡಿಗ್ರಿ ಬಿಸಿ, ಬೆಳಕು, ಬಿಡದೆ ಗಾಳಿ. ಇಷ್ಟಿದ್ದರೆ 24 ಗಂಟೆಗೆ ಮರಿ. ಪ್ಯಾಕೆಟ್ಟಿನ ಮೇಲೂ ಹೀಗೇ ಬರೆದಿರುತ್ತದೆ. ಆದರೆ ಅದನ್ನು ಬರೆದವರು ಜುಲೈ ತಿಂಗಳ ಮಡಿಕೇರಿ ನೋಡಿಲ್ಲ. ಇಲ್ಲಿ ಹಗಲೇ 20 ಡಿಗ್ರಿ ದಾಟುವುದು ಕಷ್ಟ. ಎರಡು ದಿನವಾದರೂ ಅರೆಬರೆ ಮರಿ. ನಾನು ಬಾಟಲಿಯನ್ನು ಬಚ್ಚಲು ಮನೆಯಲ್ಲಿ ಇಡುತ್ತೇನೆ. ಹಂಡೆಯ ಒಲೆ ಮಳೆಗಾಲದಲ್ಲಿ ಆರುವುದೇ ಇಲ್ಲ. ಒಲೆಯಿಂದ ಎಷ್ಟು ದೂರ ಎಂಬುದನ್ನು ಥರ್ಮಾಮೀಟರ್ ಇಟ್ಟು ನೋಡಿ ಗುರುತು ಹಾಕಿಕೊಂಡಿದ್ದೇನೆ. ಒಲೆ ಇಲ್ಲದ ಮನೆಯವರು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನೀರು ತುಂಬಿ, ತೊಟ್ಟಿಯ ಸಣ್ಣ ಹೀಟರ್ ಹಾಕಿ, ಅದರಲ್ಲಿ ಬಾಟಲಿ ನಿಲ್ಲಿಸಬಹುದು.

ಇನ್ನೊಂದು ತೊಂದರೆ ತೇವ. ಮೇ ತಿಂಗಳಲ್ಲಿ ತಂದ ಪ್ಯಾಕೆಟ್ಟು ಒಡೆದು ಕಪಾಟಿನಲ್ಲಿಟ್ಟಿದ್ದೆ. ಜುಲೈಯಲ್ಲಿ ಒಂದೂ ಮರಿ ಬರಲಿಲ್ಲ. ಮಳೆಗಾಲದ ಗಾಳಿಯಲ್ಲಿ ಮೊಟ್ಟೆ ನೀರು ಎಳೆದುಕೊಂಡು ಒಳಗೇ ಸತ್ತಿತ್ತು. ಕಾಫಿ ಬೀಜವನ್ನು ಎಷ್ಟು ಜೋಪಾನವಾಗಿ ಒಣಗಿಸಿ ಇಡುತ್ತೇವೋ ಇದನ್ನೂ ಹಾಗೇ ಇಡಬೇಕು. ಬಿಗಿ ಮುಚ್ಚಳದ ಗಾಜಿನ ಬಾಟಲಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಜಾಗ ಫ್ರಿಜ್ಜು. ನಮ್ಮ ಊಟೆಯ, ಅಂದರೆ ಒರತೆಯ, ನೀರು ತುಂಬಾ ಮೆದು, ಖನಿಜದ ಅಂಶ ಕಡಿಮೆ. ಅದಕ್ಕೆ ಲೀಟರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಮರಿ ಚೆನ್ನಾಗಿ ಬರುತ್ತದೆ. ಕರೆಂಟು ಹೋಗುವುದಂತೂ ಹೇಳಬೇಕಾಗಿಲ್ಲ. ಮೊಬೈಲ್ ಪವರ್ ಬ್ಯಾಂಕಿನಲ್ಲಿ ಓಡುವ ಸಣ್ಣ ಏರ್ ಪಂಪು ಸಿಗುತ್ತದೆ, ಒಂದು ಇಟ್ಟುಕೊಳ್ಳಿ.

ಮರಿಯಾದ ಮೇಲೆ ಗಾಳಿ ನಿಲ್ಲಿಸಿ, ಕೆಳಗಿನಿಂದ ಟಾರ್ಚು ಹಿಡಿಯಿರಿ. ಹತ್ತು ನಿಮಿಷದಲ್ಲಿ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನ ಕಡೆ ಗುಂಪಾಗುತ್ತವೆ. ಅಷ್ಟನ್ನು ಮಾತ್ರ ಪೈಪಿನಲ್ಲಿ ಎಳೆದು, ಹಳೆಯ ಪಂಚೆ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ಒಮ್ಮೆ ತೊಳೆಯಿರಿ. ಮರಿಯ ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಇರುವಾಗಲೇ ಅದರಲ್ಲಿ ಸತ್ವ ಹೆಚ್ಚು. ಗಂಟೆ ಕಳೆದಂತೆ ಅದು ಕರಗುತ್ತದೆ. ಉಳಿದ ಮರಿಗಳನ್ನು ತೆಳುವಾಗಿ ಹರಡಿದ ಉಪ್ಪು ನೀರಿನಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಆಗುತ್ತದೆ.

ಈಗ ಬಾಟಲಿ. ನನ್ನ ಮೊದಲ ಯೋಚನೆ, ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್ಟು. ಮೆಡಿಕಲ್ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಮಾಮೂಲಿ ಸೆಟ್ಟಿನಲ್ಲಿ 20 ಹನಿ ಅಂದರೆ ಒಂದು ಮಿಲಿಲೀಟರ್, ಲೆಕ್ಕವೂ ಸುಲಭ. ತಂದು ಜೋಡಿಸಿದೆ. ಹನಿ ಬಿತ್ತು, ಚಂದವಾಗಿ ಬಿತ್ತು. ಮೀನು ಮಾತ್ರ ಹತ್ತಿರ ಬರಲಿಲ್ಲ. ಒಂದು ಗಂಟೆ ಬಿಟ್ಟು ಲೋಟದಲ್ಲಿ ಹಿಡಿದು ನೋಡಿದರೆ ಬರೀ ನೀರು. ಹನಿ ಬೀಳುವ ಆ ಕೊಳವೆಯ ತಳದಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ರೋಗಿಯ ರಕ್ತಕ್ಕೆ ಕಸ ಹೋಗಬಾರದು ಅಂತ ಇಟ್ಟದ್ದು. ಅದರ ಕಣ್ಣು 15 ಮೈಕ್ರಾನ್. ನಮ್ಮ ಮರಿ 400ಕ್ಕೂ ಮೇಲೆ. ಎಲ್ಲಾ ಮರಿಗಳೂ ಅದರ ಮೇಲೆ ಕೆಸರಿನಂತೆ ಕೂತಿದ್ದವು. ಆದ್ದರಿಂದ ಡ್ರಿಪ್ ಸೆಟ್ಟು ಬಳಸುವುದಾದರೆ ಕೊಳವೆಯ ಕೆಳಗೆ ಕತ್ತರಿಸಿ ಪೈಪು ಮಾತ್ರ ತೆಗೆದುಕೊಳ್ಳಿ. ಇಲ್ಲವೇ ನನ್ನ ಹಾಗೆ ತೊಟ್ಟಿಯ ಮಾಮೂಲಿ ಏರ್ ಪೈಪು ಸಾಕು.

ಬಾಟಲಿಯ ತಳ ಕತ್ತರಿಸಿ. ಮುಚ್ಚಳಕ್ಕೆ ಕಾಯಿಸಿದ ಮೊಳೆಯಿಂದ ಪೈಪಿಗಿಂತ ಒಂದು ಕೂದಲಷ್ಟು ಚಿಕ್ಕ ತೂತು ಮಾಡಿ. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ ತೂತಿನಲ್ಲಿ ತೂರಿಸಿ, ಇಕ್ಕಳದಿಂದ ಎಳೆಯಿರಿ. ಬಿಗಿಯಾಗಿ ಕೂರುತ್ತದೆ, ಅಂಟು ಬೇಡ. ಬಾಟಲಿಯನ್ನು ತಲೆಕೆಳಗಾಗಿ ತೊಟ್ಟಿಗಿಂತ ಒಂದೂವರೆ ಅಡಿ ಮೇಲೆ ನೇತುಹಾಕಿ. ಅಷ್ಟು ಎತ್ತರ ಇದ್ದರೆ ನೀರು ಇಳಿದಂತೆ ಹನಿಯ ವೇಗ ತೀರಾ ಕುಗ್ಗುವುದಿಲ್ಲ. ಕೆಳಗೆ ವಾಲ್ವು. ಅದನ್ನು ಪೂರ್ತಿ ಹಿಂಡಬೇಡಿ, ಮರಿ ಸಿಕ್ಕಿಕೊಳ್ಳುತ್ತದೆ. ಹನಿ ಜಾಸ್ತಿಯಾದರೆ ಬಾಟಲಿಯನ್ನೇ ಸ್ವಲ್ಪ ಕೆಳಗಿಳಿಸಿ.

ಬಾಟಲಿಗೆ ಯಾವ ನೀರು? ತೊಟ್ಟಿಯದ್ದೇ. ತೊಟ್ಟಿಯಿಂದ ಕಾಲು ಲೀಟರ್ ತೆಗೆದು, ಅದರಲ್ಲಿ ಮರಿ ಬೆರೆಸಿ, ಮತ್ತೆ ತೊಟ್ಟಿಗೇ ಹನಿಸುತ್ತೇವೆ. ತೊಟ್ಟಿಯ ಮಟ್ಟ ಏರುವುದಿಲ್ಲ, ಉಪ್ಪು ಸೇರುವುದಿಲ್ಲ, ಬಿಸಿ ತಂಪಿನ ವ್ಯತ್ಯಾಸವೂ ಇಲ್ಲ. ಸಿಹಿನೀರಲ್ಲಿ ಈ ಮರಿಗಳು ಕೆಲವು ಗಂಟೆ ಮಾತ್ರ ಬದುಕುತ್ತವೆ. ಅದಕ್ಕೆ ಎರಡು ಗಂಟೆಯಲ್ಲಿ ಬಾಟಲಿ ಖಾಲಿಯಾಗಲಿ, ಅಂದರೆ ನಿಮಿಷಕ್ಕೆ ಎರಡು ಮಿಲಿಲೀಟರ್. ಪೈಪಿನಿಂದ ಪೈಪಿಗೆ ಹನಿಯ ಗಾತ್ರ ಬೇರೆ. ಔಷಧಿ ಅಳೆಯುವ ಮುಚ್ಚಳ ಹಿಡಿದು ಒಮ್ಮೆ ಅಳೆದುಕೊಳ್ಳಿ. ಮರಿಗಳು ತಳಕ್ಕೆ ಕೂರದಂತೆ ಬಾಟಲಿಯೊಳಗೆ ಇನ್ನೊಂದು ತೆಳು ಪೈಪು ಬಿಟ್ಟು, ಸೆಕೆಂಡಿಗೊಂದು ಗುಳ್ಳೆ ಬರುವಷ್ಟು ಗಾಳಿ ಕೊಡಿ.

ಇಷ್ಟಾದ ಮೇಲೆ ಕೂತು ನೋಡಬೇಕು. ಒಂದು ಹನಿ ಬೀಳುತ್ತದೆ, ಅದರಲ್ಲಿ ಏಳೆಂಟು ಕಿತ್ತಳೆ ಚುಕ್ಕೆ ಕುಣಿಯುತ್ತವೆ. ಅಂಜುವ ಮೀನು ಗಿಡದ ಹಿಂದಿನಿಂದ ಬರುತ್ತದೆ. ನೋಡುತ್ತದೆ, ಬಿಡುತ್ತದೆ. ಇನ್ನೊಂದು ಹನಿ. ಮತ್ತೆ ನೋಡುತ್ತದೆ. ನಲವತ್ತನೆಯ ಹನಿಗೋ ಐವತ್ತನೆಯ ಹನಿಗೋ ಟಪ್ ಎಂದು ಬಾಯಿ ಹಾಕುತ್ತದೆ. ಚುರುಕಿನ ಮೀನುಗಳ ಹೊಟ್ಟೆ ಅಷ್ಟರಲ್ಲಿ ತುಂಬಿ ಅವು ದೂರ ಹೋಗಿರುತ್ತವೆ.

ದೊಡ್ಡ ಪಫರಿಗೆ ಈ ಮರಿ ಸಾಲದು. ಅದಕ್ಕೆ ಡ್ಯಾಫ್ನಿಯಾ, ನೀರಿನ ಚಿಗಟ. ಇದನ್ನು ಮೊಸರಿನ ಡಬ್ಬಿಯಲ್ಲೇ ಹಾಕಬಹುದು, ತೂತು ಸ್ವಲ್ಪ ದೊಡ್ಡದಿರಲಿ. ಸಿಹಿನೀರಿನದೇ ಜೀವಿ, ತಿನ್ನದೆ ಉಳಿದರೂ ತೊಟ್ಟಿಯಲ್ಲಿ ಬದುಕಿರುತ್ತದೆ. ಬಯಲುಸೀಮೆಯ ಸೆಕೆಯಲ್ಲಿ ಇದನ್ನು ಸಾಕುವುದು ಕಷ್ಟ. ನಮ್ಮ ತಂಪು ಅದಕ್ಕೆ ಹೇಳಿ ಮಾಡಿಸಿದ್ದು. ಬಿಸಿಲಿಗೆ ಹಸಿರಾದ ನೀರು, ಆಗಾಗ ಚಿಟಿಕೆ ಯೀಸ್ಟು. ನಮ್ಮ ನೀರಲ್ಲಿ ಸುಣ್ಣದ ಅಂಶ ಕಡಿಮೆ, ಅದರ ಚಿಪ್ಪಿಗೆ ಅದು ಬೇಕು. ಮೊಟ್ಟೆಯ ಚಿಪ್ಪು ಪುಡಿ ಮಾಡಿ ತಳಕ್ಕೆ ಹಾಕಿ.

ಆದರೆ ತೋಟದ ಮನೆಯವರು ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಒಂದು ವರ್ಷ ನನ್ನ ಡ್ಯಾಫ್ನಿಯಾ ತುಂಬಾ ಚೆನ್ನಾಗಿ ಬಂದಿತ್ತು. ಜಾಗ ಸಾಲದೆ ಒಂದು ನೀಲಿ ಡ್ರಮ್ಮಿಗೆ ಬದಲಿಸಿದೆ. ಮೂರು ಸಲ ತೊಳೆದಿದ್ದೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಬಿಳಿ ಧೂಳಿನ ಹಾಗೆ ಎಲ್ಲಾ ಸತ್ತು ಬಿದ್ದಿದ್ದವು. ಅದು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಕಲಸಿದ ಡ್ರಮ್ಮು. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ. ಬಳ್ಳಿಯ ಕೊಳೆರೋಗಕ್ಕೆ ಅದೇ ಮದ್ದು, ಈ ಸಣ್ಣ ಜೀವಿಗೆ ಅದೇ ವಿಷ. ಕಣ್ಣಿಗೆ ಕಾಣದಷ್ಟು ಉಳಿದರೂ ಸಾಕು. ಮದ್ದು ಹೊಡೆದ ವಾರಗಳಲ್ಲಿ ಮರದ ಕೆಳಗೆ ಹಿಡಿದ ಮಳೆನೀರನ್ನೂ ಬಳಸಬೇಡಿ. ತೋಟದ ಕೆರೆಯಿಂದ ಬಲೆ ಹಾಕಿ ಡ್ಯಾಫ್ನಿಯಾ ತಂದರೆ ಬಿಳಿ ತಟ್ಟೆಗೆ ಸುರಿದು ನೋಡಿ. ಏರೋಪ್ಲೇನ್ ಚಿಟ್ಟೆಯ ಮರಿಗಳು ಜೊತೆಗೆ ಬರುತ್ತವೆ. ಅವು ಮೀನನ್ನೇ ಹಿಡಿದು ತಿನ್ನುತ್ತವೆ.

ಸೊಳ್ಳೆಮರಿ ಹಾಕಬಹುದಾ ಎಂದು ಬಾಗಿಲಲ್ಲೇ ಒಬ್ಬರು ಕೇಳಿದರು. ಮೀನಿಗೆ ಅದು ತುಂಬಾ ಇಷ್ಟ. ಆದರೆ ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ಶುದ್ಧ ನೀರಲ್ಲೇ. ಎಂಟು ಹತ್ತು ದಿನದಲ್ಲಿ ರೆಕ್ಕೆ ಬಂದು ಹಾರುತ್ತದೆ. ಒಂದು ದಿನ ಮರೆತರೂ ಅಕ್ಕಪಕ್ಕದವರಿಗೆ ಅಪಾಯ. ಬೇಡ.

ಮೀನು ಡಬ್ಬಿಯ ಮೂಲೆಗೆ ಒಗ್ಗಿದ ಮೇಲೆ ಜೀವಂತ ಹುಳದ ಜೊತೆ ಫ್ರೀಜ್ ಮಾಡಿದ ರಕ್ತಹುಳವನ್ನೂ, ಅಂದರೆ ಸೊಳ್ಳೆಯಂಥ ಒಂದು ಕೀಟದ ಕೆಂಪು ಮರಿಯನ್ನೂ, ಸ್ವಲ್ಪ ಬೆರೆಸಿ. ತೂತಿನಿಂದ ಬೀಳುವಾಗ ಅದೂ ಅಲುಗಾಡುತ್ತದೆ. ನನ್ನ ಮೂರರಲ್ಲಿ ಎರಡು ಆರು ವಾರಕ್ಕೆ ಅದನ್ನು ತಿನ್ನಲು ಕಲಿತವು. ಮೂರನೆಯದು ಕಲಿಯಲಿಲ್ಲ. ಅದಕ್ಕೆ ಈಗಲೂ ದಿನಾ ಡ್ಯಾಫ್ನಿಯಾ ಸಾಕುತ್ತೇನೆ.

ಈಗ ಮುಂದೆ ಬನ್ನಿ. ಮೊಳೆ ಕಾಯಿಸುವುದಕ್ಕೆ ಸ್ಟವ್ ತಂದಿದ್ದೇನೆ, ಒಬ್ಬೊಬ್ಬರೂ ಒಂದೊಂದು ಮುಚ್ಚಳ ತೂತು ಮಾಡಿ ನೋಡಿ. ಆ ಬಕೆಟ್ಟಿನಲ್ಲಿ ಡ್ಯಾಫ್ನಿಯಾ ಇದೆ. ಬಾಟಲಿ ತಂದವರು ಅರ್ಧ ತುಂಬಿಸಿಕೊಳ್ಳಿ. ಮುಚ್ಚಳ ಬಿಗಿ ಮಾಡಬೇಡಿ, ಮನೆ ತಲುಪುವವರೆಗೆ ಅದಕ್ಕೆ ಗಾಳಿ ಬೇಕು.