ನಮ್ಮೂರ ಹೆಸರಿನ ಮಾವು ಮೂಲೆಯಲ್ಲಿ ಕೂತಿತ್ತು

ನಮಸ್ಕಾರ. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನ ಮಾವು ಮೇಳಕ್ಕೆ ಹೋಗಿದ್ದೆ. ಅಲ್ಲಿ ನೋಡಿದ ಒಂದು ವಿಷಯ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅದನ್ನು ಇವತ್ತು ನಿಮ್ಮ ಹತ್ತಿರ ಹೇಳಲೇಬೇಕು.

ಮೆಟ್ರೊ ಇಳಿದು ಒಳಗೆ ಹೋದರೆ, ಮಳಿಗೆ ಕಾಣುವ ಮುಂಚೆಯೇ ವಾಸನೆ ಬರುತ್ತದೆ. ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣಾದ ಮಾವಿನ ವಾಸನೆ. ಏಪ್ರಿಲ್ ಶುರುವಿನಲ್ಲಿ ಅವಸರಪಟ್ಟು ತಂದ ಹಣ್ಣು ನೆನಪಿದೆ ಅಲ್ವಾ? ಹೊರಗೆ ಹಳದಿ, ಕೊಯ್ದರೆ ವಾಟೆಯ ಹತ್ತಿರ ಬಿಳಿ, ಬಾಯಿಗಿಟ್ಟರೆ ಹುಳಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಮ್ಮ ದೇಶದಲ್ಲಿ ನಿಷಿದ್ಧ, ಆದರೂ ಆ ಭಯ ಹೋಗಿಲ್ಲ. ಮೇಳದಲ್ಲಿ ಬೆಳೆದವರೇ ಎದುರಿಗೆ ನಿಂತಿರುತ್ತಾರೆ. ಯಾವ ಊರು, ಯಾವತ್ತು ಕಿತ್ತಿದ್ದು ಅಂತ ಕೇಳಬಹುದು. ನನಗೆ ಮೇಳ ಇಷ್ಟವಾಗುವುದೇ ಅದಕ್ಕೆ.

ಜನವೋ ಜನ. ರಾಮನಗರ ಕಡೆಯ ಬಾದಾಮಿಗೆ ಸಾಲು, ರಸಪುರಿಗೆ ಸಾಲು, ಮಲ್ಲಿಕಾಗೆ ಸಾಲು. ಮಕ್ಕಳು ಸಕ್ಕರೆಗುತ್ತಿ ಚೀಪುತ್ತಾ ಓಡಾಡುತ್ತಿದ್ದರು. ಹಲಸಿನ ತೊಳೆ ಬಿಡಿಸುವವರ ಮುಂದೆಯೂ ಗುಂಪು. ಆದರೆ ಕೊನೆಯ ಮಳಿಗೆಯಲ್ಲಿ ಯಾರೂ ಇರಲಿಲ್ಲ. ಶ್ರೀನಿವಾಸಪುರ ಕಡೆಯ ಹಿರಿಯರೊಬ್ಬರು ತೋತಾಪುರಿ, ಅಂದರೆ ಗಿಣಿಮೂತಿ ಮಾವಿನ ರಾಶಿ ಹಾಕಿಕೊಂಡು ಸುಮ್ನೆ ಕೂತಿದ್ದರು.

"ಯಾಕೆ ಯಜಮಾನ್ರೆ, ವ್ಯಾಪಾರ ಇಲ್ವಾ?" ಅಂದೆ.

"ಎಲ್ರೂ ಬಂದು ಬಾದಾಮಿ ಇದೆಯಾ ಅಂತಾರಮ್ಮ. ನನ್ನ ತೋಟದಲ್ಲಿ ಮುಕ್ಕಾಲು ಪಾಲು ಇದೇ ಇರೋದು" ಅಂದರು.

ಕೋಲಾರ ಜಿಲ್ಲೆಯಲ್ಲಿ ತೋತಾಪುರಿ ಜಾಸ್ತಿ. ಅದು ಹೋಗುವುದು ತಿರುಳು ತೆಗೆಯುವ ಫ್ಯಾಕ್ಟರಿಗಳಿಗೆ. ನಾವು ಬಾಟಲಿಯಲ್ಲಿ ಕುಡಿಯುವ ಮಾವಿನ ಜ್ಯೂಸ್‌ನಲ್ಲಿ ಇರುವುದು ಬಹಳ ಸಲ ಇದೇ ಹಣ್ಣು. ಆ ಫ್ಯಾಕ್ಟರಿಗಳು ಹೆಚ್ಚಾಗಿ ಗಡಿಯಾಚೆ ಆಂಧ್ರದ ಚಿತ್ತೂರಿನಲ್ಲಿವೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ತಮ್ಮ ರೈತರ ಬೆಲೆ ಉಳಿಸಬೇಕೆಂದು ನಮ್ಮ ತೋತಾಪುರಿ ಒಳಗೆ ಬರದಂತೆ ತಡೆಯಿತು. ಇಲ್ಲಿ ಬೆಲೆ ಬಿದ್ದುಹೋಯಿತು. ಕೊನೆಗೆ ಕೇಂದ್ರ ಸರ್ಕಾರ ಎರಡೂವರೆ ಲಕ್ಷ ಟನ್ ವರೆಗಿನ ತೋತಾಪುರಿಗೆ ಬೆಲೆಯ ಬೆಂಬಲ ಕೊಡಲು ಒಪ್ಪಿತು. ಅದಕ್ಕೆ ಇಟ್ಟ ಬೆಲೆ ಕ್ವಿಂಟಲ್‌ಗೆ 1,616 ರೂಪಾಯಿ. ಅಂದರೆ ಕೆಜಿಗೆ ಹದಿನಾರು ರೂಪಾಯಿ ಚಿಲ್ಲರೆ. ನಮ್ಮ ಶಾಲೆಯ ಗೇಟಿನ ಮುಂದೆ ಗಾಡಿಯವರು ಹೂವಿನ ಹಾಗೆ ಕೊಯ್ದು, ಉಪ್ಪು ಖಾರ ಸವರಿ ಕೊಡುತ್ತಿದ್ದರಲ್ಲ, ಆ ಗಿಣಿಮೂತಿ ಕಾಯಿಯ ಲೆಕ್ಕ ಇದು. ಇವತ್ತು ಅಂಥ ಒಂದೇ ಕಾಯಿಗೆ ನಾವು ಅದಕ್ಕಿಂತ ಜಾಸ್ತಿ ಕೊಡುತ್ತೇವೆ.

ಇನ್ನೊಂದು ಮಾತು. ಹಣ್ಣುಗಳ ಬಗೆಗಿನ ಪುಸ್ತಕಗಳಲ್ಲಿ ತೋತಾಪುರಿಗೆ ಇನ್ನೊಂದು ಹೆಸರಿದೆ, ‘ಬ್ಯಾಂಗಲೋರಾ’. ನಮ್ಮೂರ ಹೆಸರೇ. ಆ ಹೆಸರು ಹೊತ್ತ ಹಣ್ಣು ನಮ್ಮೂರಿನ ಮೇಳದಲ್ಲೇ ಮೂಲೆಯಲ್ಲಿ ಕೂರಬೇಕಾ? ನನಗೆ ನಿಜವಾಗಲೂ ಬೇಜಾರಾಯಿತು.

ಬಾದಾಮಿ ಬೇಡ ಅಂತ ನಾನು ಹೇಳುತ್ತಿಲ್ಲ. ನಾನೂ ತಂದಿದ್ದೇನೆ. ಆದರೆ ಬಾದಾಮಿ ಹೇಗೂ ಮಾರಿಹೋಗುತ್ತದೆ. ಮೇಳ ಬೇಕಿರುವುದು ತೋತಾಪುರಿಗೆ. ಮೇಳ ನಡೆಸುವ ಮಾವು ನಿಗಮದವರನ್ನು ನಾನು ಕೇಳುವುದು ಇಷ್ಟೇ: ಬಾಗಿಲಲ್ಲೇ ಈ ಕಾಯಿಯನ್ನು ಕೊಯ್ದು, ಉಪ್ಪು ಖಾರ ಹಾಕಿ ಕೊಡಿ. ಪಕ್ಕದಲ್ಲಿ ಒಂದು ಒಲೆ ಹೂಡಿ, ಗೊಜ್ಜು, ಚಿತ್ರಾನ್ನ ಮಾಡಿ ಬಡಿಸಿ. ಬಾಯಿಗೆ ರುಚಿ ಹತ್ತಿದರೆ ಚೀಲ ತಾನಾಗಿ ತುಂಬುತ್ತದೆ. ನಮ್ಮ ದರ್ಶಿನಿಗಳೂ ಯೋಚನೆ ಮಾಡಬಹುದು. ಬೇಸಿಗೆಯಲ್ಲಿ ನಿಂಬೆಹಣ್ಣು ಹೇಗೂ ದುಬಾರಿ. ಆ ಎರಡು ತಿಂಗಳು ಬೆಳಗಿನ ಚಿತ್ರಾನ್ನ ಮಾವಿನಕಾಯಿಯದ್ದೇ ಇರಲಿ. ಈ ಊರಿನಲ್ಲಿ ಎಷ್ಟು ದರ್ಶಿನಿಗಳಿವೆ, ದಿನಕ್ಕೆ ಎಷ್ಟು ಪ್ಲೇಟ್ ಹೋಗುತ್ತದೆ, ನೀವೇ ಅಂದಾಜು ಮಾಡಿ.

ಮನೆಯಲ್ಲಿ ಮಾಡುವುದಂತೂ ಬಹಳ ಸುಲಭ. ತೋತಾಪುರಿಗೆ ನಾಟಿ ಕಾಯಿಯಷ್ಟು ಹುಳಿ ಇಲ್ಲ, ತಿರುಳು ಗಟ್ಟಿ. ತುರಿದುಕೊಳ್ಳಿ. ತೆಂಗಿನಕಾಯಿ ತುರಿ, ಒಣಮೆಣಸಿನಕಾಯಿ, ಸಾಸಿವೆ, ಚಿಟಿಕೆ ಅರಿಶಿನ ರುಬ್ಬಿಕೊಳ್ಳಿ. ಕಡಲೆಕಾಯಿ ಬೀಜದ ಒಗ್ಗರಣೆಗೆ ರುಬ್ಬಿದ್ದು ಹಾಕಿ, ಹಸಿ ವಾಸನೆ ಹೋದ ಮೇಲೆ ಒಲೆ ಆರಿಸಿ. ಆಮೇಲೆ ಮಾವಿನ ತುರಿ ಹಾಕಿ, ಅನ್ನ ಕಲಸಿ. ತುರಿ ಬೇಯಬಾರದು, ಹಲ್ಲಿಗೆ ಸಿಗಬೇಕು. ನಮ್ಮಮ್ಮ ಹೀಗೇ ಮಾಡುತ್ತಿದ್ದರು.

ಆ ಯಜಮಾನರ ಹತ್ತಿರ ಐದು ಕೆಜಿ ತಗೊಂಡೆ. ಚೌಕಾಸಿ ಮಾಡಲಿಲ್ಲ. ಅವರೇ ಎರಡು ಕಾಯಿ ಕೊಸರು ಹಾಕಿದರು. "ಬಲಿತಿರೋದು ನಾಲ್ಕು ಬೇರೆ ಇಟ್ಟಿದೀನಿ, ಅಕ್ಕಿ ಡಬ್ಬದಲ್ಲಿ ಹಾಕಿಡಮ್ಮ. ಹಣ್ಣಾದ ಮೇಲೆ ತಿಂದು ನೋಡು, ಆಮೇಲೆ ಬಾದಾಮಿ ಮಾತು" ಅಂದರು.

ಇವತ್ತು ಬೆಳಿಗ್ಗೆ ಅನ್ನಕ್ಕೆ ಅಕ್ಕಿ ತೆಗೆಯಲು ಡಬ್ಬದ ಮುಚ್ಚಳ ತೆಗೆದೆ. ವಾಸನೆ ಶುರುವಾಗಿದೆ. ಮೇಳ ಮುಗಿಯುವುದರೊಳಗೆ ಮತ್ತೆ ಹೋಗುತ್ತೇನೆ. ಅವರ ಮಳಿಗೆ ಕೊನೆಯ ಸಾಲಿನಲ್ಲಿದೆ. ನೀವೂ ಹೋದರೆ ಅಲ್ಲಿಯವರೆಗೂ ನಡೆಯಿರಿ.