ಟರ್ಕಿ ಅಂದರೆ ದೊಡ್ಡ ಕೋಳಿ ಅಲ್ಲ

(ಬಾಗಲಕೋಟೆಯ ನವನಗರದಲ್ಲಿ ಕೋಳಿ ಸಾಕುವವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರು ಮುಂದೆ ಬನ್ನಿ, ಫ್ಯಾನ್ ಇಲ್ಲೇ ಇದೆ.

ನಾನು ಡಾಕ್ಟರ್ ಅಲ್ಲ, ಗಣಿತ ಕಲಿಸಿ ರಿಟೈರ್ ಆದ ಮಾಸ್ತರ. ಟರ್ಕಿ ಸಾಕಬೇಕು ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಮೂರು ವರ್ಷದ ಹಿಂದೆ ವಿಜಯಪುರದಿಂದ ಬರುವಾಗ ಒಂದು ಧಾಬಾದಲ್ಲಿ ಚಹಾಕ್ಕೆ ನಿಂತೆ. ಹಿಂದುಗಡೆ ತಂತಿಯ ಪಂಜರದಲ್ಲಿ ಮೂರು ಟರ್ಕಿ. ಗಿರಾಕಿಗಳ ಮಕ್ಕಳು ನೋಡಲಿ ಅಂತ ತಂದಿದ್ದರಂತೆ. ಏಪ್ರಿಲ್ ಬಿಸಿಲು. ನೀರಿನ ಡಬ್ಬಿ ಒಣಗಿ ತಳದಲ್ಲಿ ಬಿಳಿ ಕಲೆ ಮಾತ್ರ ಉಳಿದಿತ್ತು. ತಿನ್ನಲು ಚುರುಮುರಿ. ನಾನು ಸುಮ್ನೆ ನೋಡುತ್ತಾ ನಿಂತಿದ್ದೆ. ಅಲ್ಲಿನ ಹುಡುಗ, "ಒಯ್ತಿದ್ರ ಒಯ್ರಿ ಸರ, ಇಲ್ಲಾಂದ್ರ ಭಾನುವಾರ ಕೊಯ್ತೀವ್ರಿ" ಅಂದ. ಸ್ಕೂಟರ್ ಮೇಲೆ ಹೇಗೆ ತಂದೆ ಅಂತ ಮಾತ್ರ ಕೇಳಬೇಡಿ.

ಒಂದು ಗಂಡು, ಎರಡು ಹೆಣ್ಣು. ಗಂಡನ್ನು ಎತ್ತಿಕೊಂಡಾಗ ಎದೆಮೂಳೆ ಈಳಿಗೆಯ ಬೆನ್ನಿನ ಹಾಗೆ ಕೈಗೆ ತಾಗಿತು. ಚೆನ್ನಾಗಿರುವ ಹಕ್ಕಿಗೆ ಆ ಮೂಳೆಯ ಎರಡೂ ಬದಿ ಮಾಂಸ ತುಂಬಿರುತ್ತದೆ. ತೂಗಿದರೆ ನಾಲ್ಕು ಕೆಜಿ. ಬೆಳೆದ ಗಂಡು 7-8 ಕೆಜಿ ಇರಬೇಕು.

ನನ್ನ ಹೆಂಡತಿ ಆಗಲೇ ಬೋಗುಣಿ ತುಂಬ ಜೋಳ ತಂದಿದ್ದಳು. ಹಸಿದ ಜೀವ ಅಲ್ವಾ? ಆದರೆ ಪಶುವೈದ್ಯರು ಫೋನಿನಲ್ಲೇ ತಡೆದರು. ದಿನಗಟ್ಟಲೆ ಸೊರಗಿದ ಹಕ್ಕಿಗೆ ಒಮ್ಮೆಲೇ ಒಣಕಾಳು ಹಾಕಿದರೆ ಕುತ್ತಿಗೆ ಬುಡದ ಚೀಲದಲ್ಲಿ ಕಾಳು ಉಬ್ಬಿ ಅಲ್ಲೇ ಕೂತುಬಿಡುತ್ತದೆ. ಮೊದಲು ನೆರಳು, ಆಮೇಲೆ ನೀರು, ಊಟ ಕೊನೆಗೆ. ಭೇದಿಯಾದಾಗ ನಾವು ಕುಡಿಯುವ ಓಆರ್‌ಎಸ್ ಪುಡಿಯನ್ನೇ ಕಲಸಿ ಇಟ್ಟೆವು. ಮಾರನೇ ದಿನದಿಂದ ಜೋಳದ ನುಚ್ಚಿನ ಗಂಜಿ, ಬೇಯಿಸಿ ಪುಡಿ ಮಾಡಿದ ಮೊಟ್ಟೆ. ಒಂದೊಂದು ಹಿಡಿ, ದಿನಕ್ಕೆ ಐದಾರು ಸಲ. ವಾರದ ನಂತರ ಸೊಪ್ಪು. ಟರ್ಕಿಗೆ ಸೊಪ್ಪು ಅಂದರೆ ಪ್ರಾಣ. ಕುದುರೆ ಮಸಾಲೆ ಅನ್ನುವ ಹಸಿರು ಮೇವು, ನುಗ್ಗೆ ಸೊಪ್ಪು ಎಷ್ಟಿದ್ದರೂ ಬೇಕು.

ಶೇಂಗಾ ಹಿಂಡಿ ಹಾಕಬಹುದಾ ಅಂತ ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಎಮ್ಮೆಗೆ ತಂದದ್ದು ಮನೆಯಲ್ಲೇ ಇರುತ್ತದಲ್ಲ. ಇಲ್ಲಿ ಒಂದು ಕತೆ ಕೇಳಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿಗಳು ಸತ್ತವು. ಯಾವ ರೋಗ ಅಂತ ಗೊತ್ತಾಗದೆ 'ಟರ್ಕಿ ಎಕ್ಸ್' ಅಂತ ಕರೆದರು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ, ಬೂಸ್ಟು ಹಿಡಿದ ಶೇಂಗಾ ಹಿಂಡಿ. ಆ ಬೂಸ್ಟಿನ ವಿಷವೇ ಅಫ್ಲಾಟಾಕ್ಸಿನ್. ಜಗತ್ತಿಗೆ ಅದು ಗೊತ್ತಾದದ್ದೇ ಟರ್ಕಿಗಳು ಸತ್ತಿದ್ದರಿಂದ. ನಿಮ್ಮ ಹಿಂಡಿ ಚೀಲ ಒಮ್ಮೆ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಟರ್ಕಿಗೆ ಬೇಡ. ಎಮ್ಮೆಗೂ ಬೇಡ, ಹಾಲಿಗೆ ಇಳಿಯುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಹಿತ್ತಲಲ್ಲಿ ಜವಾರಿ ಕೋಳಿ ಬಿಡುತ್ತಿದ್ದ ಜಾಗ ಇತ್ತು. ಕೋಳಿ ಮಾರಿ ವರ್ಷವಾಗಿತ್ತು. ಸುತ್ತ ಜಾಳಿಗೆ, ನಡುವೆ ಬೇವಿನ ಗಿಡ, ತಂಪು ನೆರಳು. ಮೇ ತಿಂಗಳಲ್ಲಿ ಮೂರನ್ನೂ ಅಲ್ಲಿ ಬಿಟ್ಟೆ. ಜೂನಿನಲ್ಲಿ ಮಳೆ ಬಿತ್ತು, ಎರೆಹುಳು ಮೇಲೆ ಬಂದವು. ಮೂರೂ ಓಡಾಡಿ ಹೆಕ್ಕಿದವು. ಪ್ರೋಟೀನ್ ಪುಕ್ಕಟೆ ಸಿಕ್ಕಿತು ಅಂತ ನಾನೂ ಖುಷಿಪಟ್ಟೆ. ಹತ್ತು ಹನ್ನೆರಡು ದಿನಕ್ಕೆ ಚಿಕ್ಕ ಹೆಣ್ಣು ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯಿತು. ಹಿಕ್ಕೆ ಅರಿಶಿನದ ನೀರು ಚೆಲ್ಲಿದ ಹಾಗೆ ಹಳದಿ. ವೈದ್ಯರು ಬಂದು ಔಷಧಿ ಕೊಡುವಷ್ಟರಲ್ಲಿ ಲಿವರ್ ಕೆಟ್ಟಿತ್ತು. ಮೂರನೇ ದಿನ ಬೆಳಗ್ಗೆ ಸತ್ತುಬಿದ್ದಿತ್ತು.

ಆಗಿದ್ದೇನು ಅಂದರೆ, ಕೋಳಿಯ ಕರುಳಿನಲ್ಲಿ ಹೆಟೆರಾಕಿಸ್ ಅಂತ ದಾರದಂಥ ಸಣ್ಣ ಹುಳು ಇರುತ್ತದೆ. ಅದರ ಮೊಟ್ಟೆಯೊಳಗೆ ಹಿಸ್ಟೊಮೊನಾಸ್ ಅನ್ನುವ ಕಣ್ಣಿಗೆ ಕಾಣದ ಜೀವಿ ಅಡಗಿ ಕೂತಿರುತ್ತದೆ. ಕೋಳಿ ಹೋದರೂ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಎರೆಹುಳು ಅದನ್ನು ನುಂಗುತ್ತದೆ, ಟರ್ಕಿ ಎರೆಹುಳುವನ್ನು ನುಂಗುತ್ತದೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಟರ್ಕಿ ಉಳಿಯುವುದು ಕಷ್ಟ. ಈ ರೋಗಕ್ಕೆ ಲಸಿಕೆ ಇಲ್ಲ. ಬ್ಲಾಕ್‌ಹೆಡ್ ಅಂತ ಹೆಸರು, ಆದರೆ ತಲೆ ಕಪ್ಪಾಗಲೇಬೇಕು ಅಂತೇನಿಲ್ಲ. ಹೆಸರು ಕೇಳಿದ್ದ ನಾನು ದಿನಾ ತಲೆಯನ್ನೇ ನೋಡುತ್ತಿದ್ದೆ. ನೋಡಬೇಕಾಗಿದ್ದು ಹಿಕ್ಕೆ.

ಉಳಿದೆರಡನ್ನು ಅವತ್ತೇ ಮುಂದಿನ ಫರಸಿ ಹಾಸಿದ ಅಂಗಳಕ್ಕೆ ತಂದೆ. ಕೋಳಿ ಕಾಲಿಡದ ಜಾಗ ಅದೊಂದೇ. ಬರೀ ಕಲ್ಲಿನ ಮೇಲೆ ನಿಂತರೆ ಭಾರಕ್ಕೆ ಅಂಗಾಲು ಹುಣ್ಣಾಗುತ್ತದೆ, ಅದಕ್ಕೆ ನಾಲ್ಕು ಇಂಚು ಭತ್ತದ ಹೊಟ್ಟು ಹಾಕಿದೆ. ಗಂಡಿಗೆ ತಂತಿಯ ಮೇಲೆ ನಿಂತೂ ನಿಂತೂ ಆಗಲೇ ಹುಣ್ಣಾಗಿ ಬಾತಿತ್ತು. ಬಿಸಿ ಉಪ್ಪುನೀರಲ್ಲಿ ಕಾಲು ಅದ್ದುವುದು, ಅಯೋಡಿನ್ ಹಚ್ಚುವುದು, ಪಟ್ಟಿ ಕಟ್ಟಿ ಮೇಲೆ ಮೊಮ್ಮಗನ ಹಳೇ ಸಾಕ್ಸ್ ಹಾಕುವುದು. ಎರಡು ತಿಂಗಳು ಇದೇ ಕೆಲಸ. ಓಣಿಯವರು ಚಹಾ ಕುಡಿಯಲು ಬಂದು ಸಾಕ್ಸ್ ನೋಡಿ ಹೋಗುತ್ತಿದ್ದರು.

ಬಂದಾಗಿನಿಂದ ಆ ಗಂಡು ಒಂದು ದನಿಯನ್ನೂ ಹೊರಡಿಸಿರಲಿಲ್ಲ. ತಲೆ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಆಗಸ್ಟಿನಲ್ಲಿ ಒಂದು ದಿನ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಅಂಗಳದಿಂದ 'ಗುಳುಗುಳುಗುಳು' ಅಂತ ಉತ್ತರ ಬಂತು. ಓಡಿ ಬಂದು ನೋಡಿದರೆ ಬಾಲ ಬೀಸಣಿಗೆಯಂತೆ ಬಿಚ್ಚಿದೆ, ಕೊರಳು ಕೆಂಪು, ಕಣ್ಣಿನ ಸುತ್ತ ನೀಲಿ. ಟರ್ಕಿಯ ಮನಸ್ಸು ಹೇಗೋ ತಲೆಯ ಬಣ್ಣವೂ ಹಾಗೆ. 1612ರಲ್ಲಿ ಮುಕರ್ರಬ್ ಖಾನ್ ಅನ್ನುವ ಮೊಗಲ್ ಅಧಿಕಾರಿ ಗೋವಾದಿಂದ ಒಯ್ದ ಟರ್ಕಿಯನ್ನು ನೋಡಿ ಜಹಾಂಗೀರ್ ಬಾದಶಹನೂ ಈ ಬಣ್ಣ ಬದಲಾಗುವುದನ್ನೇ ಬರೆದಿಟ್ಟಿದ್ದಾನೆ. ಆಸ್ಥಾನದ ಚಿತ್ರಕಾರ ಮನ್ಸೂರನ ಕೈಯಲ್ಲಿ ಅದರ ಚಿತ್ರವನ್ನೂ ಬರೆಸಿದ. ಗೋವಾ ಅಂದರೆ ನಮ್ಮ ಬೆಳಗಾವಿಯಿಂದ ಘಟ್ಟ ಇಳಿದರೆ ಬಂತು. ಹಕ್ಕಿಯ ಮೂಲ ಮಾತ್ರ ಮೆಕ್ಸಿಕೋ ಕಡೆ. ನಾವು ಟರ್ಕಿ ಅನ್ನುತ್ತೇವೆ, ಟರ್ಕಿ ದೇಶದವರು ಅದನ್ನು 'ಹಿಂದಿ' ಅನ್ನುತ್ತಾರೆ, ಅಂದರೆ ಹಿಂದೂಸ್ತಾನದ್ದು. ಯಾರಿಗೂ ಬೇಡವಾದ ಕೂಸಿನ ಹಾಗೆ!

ಸರಿ, ಮಾತು ಸಾಕು. ಹೆಣ್ಣನ್ನು ಬುಟ್ಟಿಯಲ್ಲಿ ತಂದಿದ್ದೇನೆ, ಹೊರಗೆ ಬೇವಿನ ಗಿಡದ ಕೆಳಗಿದೆ. ಎದೆಮೂಳೆ ಹೇಗಿರಬೇಕು ಅಂತ ಒಬ್ಬೊಬ್ಬರೇ ಮುಟ್ಟಿ ನೋಡಿ. ಮನೆಯಲ್ಲಿ ಕೋಳಿ ಇರುವವರು ಚಪ್ಪಲಿ ಇಲ್ಲೇ ಬಿಡಿ, ಬಕೆಟ್ಟಿನಲ್ಲಿ ನೀರಿದೆ, ಸೋಪು ಹಚ್ಚಿ ಕೈಕಾಲು ತೊಳೆದುಕೊಂಡು ಬನ್ನಿ.