ಯುದ್ಧ ಮುಗಿದ ಮರುದಿನ

ಕೇಳುಗರಿಗೆ ನಮಸ್ಕಾರ. ಅದರಲ್ಲೂ ಹಾಸನ, ಚಿಕ್ಕಮಗಳೂರಿನ ಹಾಸ್ಟೆಲುಗಳಲ್ಲಿ ಊಟ ಮುಗಿಸಿ ರೇಡಿಯೊ ಹಚ್ಚಿಕೊಂಡು ಕೂತಿರುವ ವಿದ್ಯಾರ್ಥಿಗಳಿಗೆ. 31 ವರ್ಷ ಕನ್ನಡ ಪಾಠ ಮಾಡಿದವನು ನಾನು. ಐತಿಹಾಸಿಕ ಕಾದಂಬರಿ ಓದುವುದು ಹೇಗೆ ಅಂತ ಮಾತಾಡಿ ಅಂದಿದ್ದಾರೆ. ಒಂದೇ ಮಾತು ಹೇಳ್ತೀನಿ. ಯುದ್ಧದ ಕಥೆ ಓದಿ ಮುಗಿಸಿದ ಮೇಲೆ 'ಮರುದಿನ ಏನಾಯ್ತು?' ಅಂತ ಕೇಳಿ. ಅಷ್ಟೇ.

ಇದನ್ನ ನನಗೆ ಕಲಿಸಿದ್ದು ಒಬ್ಬಳು ಹುಡುಗಿ. ಬೇಲೂರಿನ ಕಡೆ ಒಂದು ಹಳ್ಳಿಗೆ ವಿದ್ಯಾರ್ಥಿಗಳನ್ನ ಕರ್ಕೊಂಡು ಹೋಗಿದ್ದೆ. ಕೆರೆ ಏರಿ ಮೇಲೆ ಒಂದು ವೀರಗಲ್ಲು. ಅದಕ್ಕೆ ಒರಗಿಸಿ ಯಾರೋ ಸೈಕಲ್ ನಿಲ್ಲಿಸಿದ್ದರು, ಮೊದಲು ಅದನ್ನ ತೆಗೆಸಿದೆವು. ಆಮೇಲೆ ನನ್ನ ಪಾಠ. ನೋಡ್ರಪ್ಪಾ, ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಅಪ್ಸರೆಯರು ವೀರನನ್ನ ಎತ್ಕೊಂಡು ಹೋಗ್ತಿದಾರೆ. ಮೇಲೆ ಕೈಲಾಸ, ವೀರ ಶಿವನ ಮುಂದೆ ಕೂತಿದಾನೆ. ಶಾಸನಗಳಲ್ಲಿ 'ತುರುಗೊಳ್' ಅಂದರೆ ದನ ಹಿಡಿಯೋದು, 'ಪೆಣ್ಬುಯ್ಯಲ್' ಅಂದರೆ ಹೊತ್ತೊಯ್ಯುವಾಗ ಹೆಂಗಸರು ಇಟ್ಟ ಮೊರೆ. ಇಂಥ ಕಾಳಗದಲ್ಲಿ ಸತ್ತವನಿಗೆ ಕಲ್ಲು ನಿಲ್ಲಿಸ್ತಿದ್ದರು. ಪ್ರತಿ ವರ್ಷ ಹೇಳೋ ಪಾಠ, ನಿದ್ದೆಗಣ್ಣಲ್ಲೂ ಹೇಳಬಲ್ಲೆ.

ಹಿಂದೆ ನಿಂತಿದ್ದ ಆ ಹುಡುಗಿ ಕೇಳಿದಳು: "ಸಾರ್, ಹೋರಾಡಿದೋನು ಕೈಲಾಸಕ್ಕೆ ಹೋದ. ಬಿಡಿಸ್ಕೊಳ್ಳೋಕೆ ಆಗದೇ ಇದ್ದ ಹೆಂಗಸರು ಎಲ್ಲಿಗೆ ಹೋದ್ರು?"

ನನ್ನ ಬಾಯಿ ಕಟ್ಟಿತು. ಕಲ್ಲಿನ ಹಿಂದೆ ಮುಂದೆ ಎಲ್ಲ ನೋಡಿದೆ, ಅವರಿಗೆ ಪಟ್ಟಿಕೆಯೇ ಇಲ್ಲ. ಹುಡುಗರು ನಕ್ಕರು. ಬಸ್ಸಲ್ಲಿ ವಾಪಸು ಬರುವಾಗ ಅವಳ ಮುಖ ನೋಡೋಕೆ ನನಗೇ ಸಂಕೋಚ.

ಮನೆಗೆ ಬಂದವನೇ ತ.ರಾ.ಸು. ಅವರ 'ದುರ್ಗಾಸ್ತಮಾನ' ತೆಗೆದೆ. ಎಷ್ಟು ಸಲ ಓದಿದ್ದೆನೋ! 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈ ಸೇರಿದ್ದು, ಮದಕರಿ ನಾಯಕ ಸೋತದ್ದು, ಪ್ರತಿ ಸಲವೂ ಕಣ್ಣು ಒದ್ದೆ. ಮರುದಿನ? ಅದು ಗೆಜೆಟಿಯರಿನಲ್ಲಿದೆ, ಅಂದರೆ ನಾಡಿನ ವಿವರ ಬರೆದಿಟ್ಟ ಸರ್ಕಾರಿ ಪುಸ್ತಕದಲ್ಲಿ. ಸುಮಾರು 20,000 ಬೇಡರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಹುಡುಗರನ್ನ ಬೇರೆ ಮಾಡಿ 'ಚೇಲಾ' ಪಡೆ ಕಟ್ಟಿದರು. ಗೆದ್ದವನ ಸೊತ್ತಾಗಿ ಬೆಳೆಯೋ ಮಕ್ಕಳು. ಕೋಟೆ ಬಿದ್ದದ್ದು ಒಂದು ದಿನ, ಈ ಮಕ್ಕಳ ಕಥೆ ಎಷ್ಟು ವರ್ಷ ನಡೀತು ಲೆಕ್ಕ ಹಾಕಿ. ಯುದ್ಧದ ಕಾದಂಬರಿ, ಗುಲಾಮಗಿರಿಯ ಕಾದಂಬರಿ ಅಂತ ಗ್ರಂಥಾಲಯದಲ್ಲಿ ಬೇರೆ ಬೇರೆ ಕಪಾಟು ಬೇಕಾಗಿಲ್ಲ. ಮರುದಿನ ಅಂತ ಕೇಳಿದರೆ ಎರಡೂ ಒಂದೇ ಪುಸ್ತಕ.

ಅಯ್ಯೋ, ಕಥೆ ಹೇಳ್ತಾ ಸಮಯ ಹೋಯ್ತು. ಅಮೆರಿಕದ್ದು ಬೇಗ ಹೇಳ್ತೀನಿ. ಅಲ್ಲಿ ಅಂತರ್ಯುದ್ಧ 1861ರಿಂದ 1865, ಅದೇ 1865ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಗಿ ಗುಲಾಮಗಿರಿ ರದ್ದು. ಆ ಕಾಲದ ಕಾದಂಬರಿ ಸಿಕ್ಕರೂ ಮರುದಿನ ಏನಾಯ್ತು ಅಂತಲೇ ಕೇಳಿ. ಬಿಡುಗಡೆಯಾದವನಿಗೆ ಮಾರನೇ ಬೆಳಗ್ಗೆ ಊಟಕ್ಕೇನು, ಉಳೋಕೆ ನೆಲ ಯಾರದು?

ನಮ್ಮಲ್ಲೂ ಬ್ರಿಟಿಷರು 1843ರಲ್ಲೇ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲ ಅಂದರು. ಆದರೂ ಜೀತ ರದ್ದತಿಗೆ 1976ರಲ್ಲಿ ಇನ್ನೊಂದು ಕಾಯ್ದೆ ಬೇಕಾಯ್ತು. ನಡುವೆ 1933ರಲ್ಲಿ ಬಂದದ್ದು ಕಾರಂತರ 'ಚೋಮನ ದುಡಿ', ಜೀತದಾಳು ಚೋಮನ ಕಥೆ. ಅದು ಐತಿಹಾಸಿಕ ಕಾದಂಬರಿ ಅಲ್ಲ ಸಾರ್ ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತೆ. ಸಾಲ ತೀರಿಸೋಕೆ ಚೋಮನ ಮಕ್ಕಳು ಹೋಗೋದು ಎಲ್ಲಿಗೆ? ಘಟ್ಟದ ಮೇಲಿನ ಕಾಫಿ ತೋಟಕ್ಕೆ. ಚಿಕ್ಕಮಗಳೂರಿನವರೇ, ಕಿವಿ ನೆಟ್ಟಗಾಯ್ತಾ?

ಗೈಡುಗಳ ವಿಷಯ ಹೇಳಬೇಕು ಅಂತಿದ್ದೆ, ಸಮಯ ಇಲ್ಲ. ಗೈಡಿನಲ್ಲಿ ಇಸವಿ ಇರುತ್ತೆ, ಮರುದಿನ ಇರಲ್ಲ. ಅಷ್ಟು ಸಾಕು. ಈ ರಜೆಯಲ್ಲಿ ಎರಡು ಕಾದಂಬರಿ ಓದಿ, ಕೊನೇ ಪುಟಕ್ಕೆ ಒಂದು ಚೀಟಿ ಇಟ್ಟು, ಯಾರು ಎಲ್ಲಿಗೆ ಹೋದರು ಅಂತ ನಾಲ್ಕು ಸಾಲು ಬರೆಯಿರಿ. ಚೀಟಿ ಅಂದೆ, ಲೈಬ್ರರಿ ಪುಸ್ತಕದ ಮೇಲೆ ಗೀಚಬೇಡಿ. ನಮಸ್ಕಾರ.